ಊಟಕ್ಕೆಂದೇ ಬೆಂಗಳೂರಿನಿಂದ ಹೊರಟು ಹೋಗಿಬರಬಹುದಾದ ಹಳ್ಳಿಗಾಡಿನ ಹೋಟೆಲುಗಳು ಯಾವುವು?

ಪ್ರಶ್ನೆ: ಬನಶಂಕರಿ ನಿವಾಸಿ

ಎಲ್ಲರಿಗೂ ನಮಸ್ಕಾರ.

ಭಾನುವಾರದ ಒಂದು ಊಟಕ್ಕಾಗಿಯೇ ಬೆಂಗಳೂರಿನಿಂದ ಕಾರಿನಲ್ಲಿ ಹೊರಟು, ಸಮಾಧಾನವಾಗಿ ಉಂಡು, ಕತ್ತಲಾಗುವ ಮೊದಲು ಮನೆ ಸೇರಬಹುದಾದ ಹೋಟೆಲುಗಳ ಬಗ್ಗೆ ಬಲ್ಲವರ ಸಲಹೆ ಬೇಕಾಗಿದೆ. ಮೈಸೂರಿಗೋ ಹಾಸನಕ್ಕೋ ಹೋಗುವಾಗ ಹಸಿವಾಯಿತೆಂದು ನಿಲ್ಲಿಸುವ ಜಾಗಗಳನ್ನು ನಾನು ಕೇಳುತ್ತಿಲ್ಲ. ಅಂಥವು ಹೆದ್ದಾರಿಗಳ ಇಕ್ಕೆಲಗಳಲ್ಲಿ ಬೇಕಾದಷ್ಟಿವೆ. ಆ ದಿಕ್ಕಿನಲ್ಲಿ ಬೇರೆ ಯಾವ ಕೆಲಸವೂ ಇಲ್ಲದಿದ್ದಾಗಲೂ, ಅಲ್ಲಿಯ ಊಟಕ್ಕಾಗಿ ಪೆಟ್ರೋಲು ಮತ್ತು ಅರ್ಧ ದಿನ ಖರ್ಚು ಮಾಡಿದ್ದು ಸಾರ್ಥಕವಾಯಿತು ಎಂದು ನೀವು ನಿಮ್ಮ ಮನೆಯವರ ಮುಂದೆ ಹೇಳಬಲ್ಲ ಜಾಗಗಳು ಬೇಕು.

ನಮ್ಮ ಮನೆಯ ಅನುಕೂಲ ಅನನುಕೂಲಗಳನ್ನು ಹೇಳಿಬಿಡುತ್ತೇನೆ. ತಂದೆಯವರಿಗೆ ಎಪ್ಪತ್ತೈದು ದಾಟಿದೆ, ಮಂಡಿನೋವಿನಿಂದಾಗಿ ನೆಲದ ಮೇಲೆ ಕೂರಲಾರರು, ಬಹಳ ಹೊತ್ತು ನಿಲ್ಲಲೂ ಆಗದು. ತಾಯಿಯವರು ಕೆಲವು ವರ್ಷಗಳಿಂದ ಮಾಂಸಾಹಾರ ಬಿಟ್ಟಿದ್ದಾರೆ, ಉಳಿದವರು ತಿನ್ನುತ್ತೇವೆ. ಇಬ್ಬರು ಮಕ್ಕಳಿದ್ದಾರೆ. ಒಂದು ದಿಕ್ಕಿಗೆ ಹೆಚ್ಚೆಂದರೆ ಎರಡೂವರೆ ಮೂರು ಗಂಟೆಯ ಪ್ರಯಾಣ ನಮಗೆ ಸಾಧ್ಯ.

ಇತ್ತೀಚೆಗೆ ಊರಾಚೆಯ ಒಂದು ತೋಟದ ರೆಸ್ಟೋರೆಂಟಿಗೆ ಹೋಗಿದ್ದೆವು. ಮರಗಿಡ, ನೆರಳು, ಉಯ್ಯಾಲೆ ಎಲ್ಲವೂ ಸೊಗಸಾಗಿದ್ದವು, ಆದರೆ ತಟ್ಟೆಗೆ ಬಂದದ್ದು ಜಯನಗರದ ಯಾವುದೇ ಬಫೆಯಲ್ಲಿ ಸಿಗುವ ಪನೀರು, ನೂಡಲ್ಸು ಮತ್ತು ಗುಲಾಬ್ ಜಾಮೂನು. ಹೊಲಗಳ ನಡುವೆ ಕೂತು ಆ ಹೊಲದಲ್ಲಿ ಏನು ಬೆಳೆಯುತ್ತದೆಂಬ ಸುಳಿವೇ ಸಿಗದ ಊಟ ಉಂಡು ಬಂದಾಗಿನಿಂದ ಈ ಪ್ರಶ್ನೆ ನನ್ನನ್ನು ಕಾಡುತ್ತಿದೆ.

ಉತ್ತರ: ಮದ್ದೂರು ಸೀಮೆಯವರು

ನಮಸ್ಕಾರ ಸರ್. ಹೋಟೆಲುಗಳ ಹೆಸರು ಹೇಳುವ ಮೊದಲು ರಸ್ತೆಯ ವಿಚಾರ ಹೇಳಬೇಕು, ಏಕೆಂದರೆ ಮೈಸೂರು ದಿಕ್ಕಿನ ಊಟದ ನಕ್ಷೆಯನ್ನೇ ಅದು ಬದಲಿಸಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಸುಮಾರು 118 ಕಿಲೋಮೀಟರ್ ಉದ್ದವಿದೆ. ನಡುವಿನ ಆರು ಪಥಗಳು ವೇಗದ ವಾಹನಗಳಿಗೆ, ಎರಡೂ ಬದಿಯ ಎರಡೆರಡು ಪಥಗಳು ಸರ್ವಿಸ್ ರಸ್ತೆಗೆ. ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಈ ಊರುಗಳನ್ನೆಲ್ಲ ಅದು ಬೈಪಾಸಿನಿಂದಲೋ ಮೇಲ್ಸೇತುವೆಯಿಂದಲೋ ದಾಟಿಬಿಡುತ್ತದೆ. ದಶಕಗಳಿಂದ ಬಸ್ಸು ಕಾರುಗಳ ಪ್ರಯಾಣಿಕರನ್ನೇ ನಂಬಿಕೊಂಡಿದ್ದ ಹೋಟೆಲುಗಳೆಲ್ಲ ಹಳೆಯ ರಸ್ತೆಯಲ್ಲೇ ಉಳಿದವು. ಕೆಲವು ಬಾಗಿಲು ಹಾಕಿದವು, ಕೆಲವು ವ್ಯಾಪಾರ ಇಳಿದು ಸೊರಗಿದವು. ನಮ್ಮ ಕಡೆಯವರಿಗೆ ಅದು ಸಣ್ಣ ಪೆಟ್ಟಲ್ಲ. ಒಂದೊಂದು ಹೋಟೆಲಿನ ಹಿಂದೆಯೂ ಹಾಲಿನವರು, ಎಳನೀರಿನವರು, ಬಾಳೆಲೆಯವರು, ಪಾತ್ರೆ ತೊಳೆಯುವವರು ಎಂದು ಎಷ್ಟೋ ಮನೆಗಳಿದ್ದವು. ಉಳಿದುಕೊಂಡಿರುವ ಹೋಟೆಲುಗಳು ಇವತ್ತು ಬಹುಮಟ್ಟಿಗೆ ದಾರಿಹೋಕರಿಂದಲ್ಲ, ಹುಡುಕಿಕೊಂಡು ಬರುವವರಿಂದ ನಡೆಯುತ್ತಿವೆ. ನೀವು ಕೇಳುತ್ತಿರುವ ಬಗೆಯ ಜಾಗಗಳು ಅವೇ ಆದ್ದರಿಂದ, ನನ್ನ ಮೊದಲ ಸಲಹೆಯೆಂದರೆ ನಡುವಿನ ಪಥ ಹತ್ತದೆ, ಹಳೆಯ ರಸ್ತೆಯಲ್ಲೇ ಊರೊಳಗೆ ಹಾದು ಬನ್ನಿ. ಒಮ್ಮೆ ವೇಗದ ಪಥಕ್ಕೆ ಸೇರಿದರೆ ಬೇಕೆಂದಲ್ಲಿ ಇಳಿಯಲು ಆಗುವುದಿಲ್ಲ.

ಬೆಳಗಿನ ತಿಂಡಿಗೆ ಬಿಡದಿ. ನಗರದ ನಡುವಿನಿಂದ ಸುಮಾರು 35 ಕಿಲೋಮೀಟರ್. ತಟ್ಟೆ ಇಡ್ಲಿ ಬೆಂಗಳೂರಿನ ಬೀದಿಬೀದಿಯಲ್ಲೂ ಸಿಗುವಾಗ ಅಲ್ಲಿಗೇಕೆ ಹೋಗಬೇಕೆಂದು ನೀವು ಕೇಳಬಹುದು. ಅಗಲವಾದ ತಟ್ಟೆಯಂಥ ಅಚ್ಚುಗಳನ್ನು ಒಂದರ ಮೇಲೊಂದು ಜೋಡಿಸಿ ಹಬೆಯಲ್ಲಿ ಬೇಯಿಸಿ, ಬೆಂದ ಕೂಡಲೇ ಎಬ್ಬಿಸಿ, ಬೆಣ್ಣೆ ಹಾಕಿ ಕಾಯಿಚಟ್ನಿಯೊಂದಿಗೆ ಕೊಡುವ ತಿಂಡಿ ಅದು. ಅಗಲ ಹೆಚ್ಚಾದ್ದರಿಂದ ಬೇಗ ಆರುತ್ತದೆ, ಆರಿದರೆ ಬಿಗಿದುಕೊಳ್ಳುತ್ತದೆ. ಆದ್ದರಿಂದ ಗಿರಾಕಿ ಹೆಚ್ಚಿದ್ದು ಒಲೆ ಬಿಡುವಿಲ್ಲದೆ ಉರಿಯುವ ಕಡೆ ಮಾತ್ರ ಅದರ ನಿಜವಾದ ರುಚಿ ಸಿಗುತ್ತದೆ. ಬಿಡದಿಯ ರೇಣುಕಾಂಬ ಹೋಟೆಲಿನಂಥ ಕಡೆ ಭಾನುವಾರ ಬೆಳಿಗ್ಗೆ ಇಡ್ಲಿ ಕಾಯುತ್ತಾ ಕೂರುವುದಿಲ್ಲ, ಜನ ಇಡ್ಲಿಗಾಗಿ ಕಾಯುತ್ತಾರೆ. ಪೆಟ್ಟಿಗೆಯಲ್ಲಿ ಕಟ್ಟಿಸಿಕೊಂಡು ಮನೆಗೆ ತರಿಸಿದರೆ ಅರ್ಧ ಗುಣ ದಾರಿಯಲ್ಲೇ ಹೋಗಿರುತ್ತದೆ. ಅಡುಗೆಯನ್ನು ನಮ್ಮ ಬಳಿಗೆ ತರಿಸಲಾಗದು, ನಾವೇ ಅದರ ಬಳಿಗೆ ಹೋಗಬೇಕು ಎನ್ನುವಂತಿದ್ದರೆ ಮಾತ್ರ ಆ ಪ್ರಯಾಣಕ್ಕೆ ಅರ್ಥವಿದೆ ಎಂಬುದು ನನ್ನ ಅಳತೆ.

ಮಧ್ಯಾಹ್ನದ ಊಟಕ್ಕೆ, ನಿಮ್ಮ ತಂದೆತಾಯಿಯವರನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುವುದಾದರೆ, ರಾಮನಗರ ದಾಟಿದ ಮೇಲೆ ಜಾನಪದ ಲೋಕದ ಮಗ್ಗುಲಿನ ಕಾಮತ್ ಲೋಕರುಚಿ. ಪೂರ್ತಿ ಸಸ್ಯಾಹಾರ, ಕುರ್ಚಿ ಮೇಜು, ಕಾರು ನಿಲ್ಲಿಸಲು ನೆರಳು ಎಲ್ಲವೂ ಇವೆ. ಕಣ್ಣೆದುರಿಗೇ ರೊಟ್ಟಿ ಬಡಿದು ಬಿಸಿಬಿಸಿಯಾಗಿ ಬಡಿಸುವ ಜೋಳದ ರೊಟ್ಟಿ ಊಟ ಅಲ್ಲಿಯ ವಿಶೇಷ. ಜೋಳದ ರೊಟ್ಟಿ ಉತ್ತರ ಕರ್ನಾಟಕದ್ದಲ್ಲವೇ, ರಾಮನಗರದಲ್ಲೇಕೆ ಎಂಬ ಆಕ್ಷೇಪ ಇರಬಹುದು. ಆದರೆ ಎಚ್.ಎಲ್. ನಾಗೇಗೌಡರು ನಾಡಿನ ಮೂಲೆಮೂಲೆಯ ಜಾನಪದ ವಸ್ತುಗಳನ್ನು ಒಂದೆಡೆ ಕೂಡಿಟ್ಟು 1994ರಲ್ಲಿ ತೆರೆದ ಜಾನಪದ ಲೋಕದ ಪಕ್ಕದಲ್ಲಿ ಅದು ಹೊಂದಿಕೊಂಡಿದೆ ಎಂದೇ ನನ್ನ ಭಾವನೆ. ಊಟಕ್ಕೆ ಮೊದಲು ಮಕ್ಕಳಿಗೆ ಕಣಜ, ಬೀಸುವ ಕಲ್ಲು, ತೊಗಲುಗೊಂಬೆಗಳನ್ನು ತೋರಿಸಿ. ರೊಟ್ಟಿಯ ಹಿಟ್ಟು ಎಲ್ಲಿಂದ ಬರುತ್ತದೆಂದು ಆಮೇಲೆ ಹೇಳಿಕೊಡಬೇಕಾಗಿಲ್ಲ.

ಇನ್ನು ಮದ್ದೂರು ವಡೆ. ಸುಮಾರು 80 ಕಿಲೋಮೀಟರ್ ದೂರದ ನಮ್ಮ ಊರಿನ ರೈಲು ನಿಲ್ದಾಣದ ಕ್ಯಾಂಟೀನಿನಲ್ಲಿ 1917ರ ಸುಮಾರಿಗೆ ರಾಮಚಂದ್ರ ಬುದ್ಧ್ಯ ಎಂಬುವರು ಅದನ್ನು ಮಾಡತೊಡಗಿದರೆಂದು ಹೇಳುತ್ತಾರೆ. ಉದ್ದಿನ ವಡೆಯಂತೆ ಇದಕ್ಕೆ ನೆನೆಸಿ ರುಬ್ಬುವ ಕೆಲಸವಿಲ್ಲ. ಚಿರೋಟಿ ರವೆ, ಮೈದಾ, ಅಕ್ಕಿಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ಸೇರಿಸಿ, ಕಾದ ಎಣ್ಣೆ ಹಾಕಿ ಕಲಸಿ, ತೆಳ್ಳಗೆ ತಟ್ಟಿ ಕರಿಯುತ್ತಾರೆ. ರೈಲಿನಲ್ಲಿ ಕಟ್ಟಿಕೊಂಡು ಹೋಗಲೆಂದೇ ರೂಢಿಗೆ ಬಂದ ತಿಂಡಿಯಾದ್ದರಿಂದ, ನನ್ನ ಊರಿನದೇ ಆದರೂ, ವಡೆಗಾಗಿಯೇ ಇಷ್ಟು ದೂರ ಬನ್ನಿ ಎಂದು ನಾನು ಹೇಳುವುದಿಲ್ಲ. ಬಂದಿದ್ದರೆ ಮಾತ್ರ ಮದ್ದೂರ್ ಟಿಫಾನೀಸ್‌ನಲ್ಲಿ ಬಾಣಲೆಯಿಂದ ಎತ್ತಿದ ವಡೆಯನ್ನು ತಿನ್ನದೆ ಹೋಗಬೇಡಿ.

ಉತ್ತರ: ಕೆ.ಆರ್. ಪುರದ ಓದುಗರು

ಮೇಲಿನವರು ಹೇಳಿದ ಅಳತೆ, ಅಂದರೆ ಅಡುಗೆಯನ್ನು ನಮ್ಮ ಬಳಿಗೆ ತರಿಸಲಾಗದು ಎಂಬುದು, ಹೊಸಕೋಟೆಯ ಬಿರಿಯಾನಿಗೆ ಚೆನ್ನಾಗಿ ಒಪ್ಪುತ್ತದೆ. ಹಳೇ ಮದ್ರಾಸು ರಸ್ತೆಯಲ್ಲಿ ನಗರದಿಂದ ಸುಮಾರು 25–30 ಕಿಲೋಮೀಟರ್. ಇದರ ವಿಶೇಷವಿರುವುದು ಹೊತ್ತಿನಲ್ಲಿ. ವಾರದ ಕೊನೆಯಲ್ಲಿ ನಸುಕಿನ ನಾಲ್ಕೈದು ಗಂಟೆಗೇ ಜನ ಸಾಲು ನಿಲ್ಲುತ್ತಾರೆ. ರಾತ್ರಿಯೆಲ್ಲ ಕಟ್ಟಿಗೆಯ ಒಲೆಯ ಮೇಲೆ ದೊಡ್ಡ ದೊಡ್ಡ ಪಾತ್ರೆಗಳಲ್ಲಿ ದಮ್ ಕಟ್ಟಿದ ಮಟನ್ ಬಿರಿಯಾನಿಯ ಮುಚ್ಚಳ ಬೆಳಗಿನ ಜಾವಕ್ಕೆ ತೆರೆಯುತ್ತದೆ. ಮಣಿ ದಮ್ ಬಿರಿಯಾನಿ ಇವುಗಳಲ್ಲಿ ಹೆಸರಾದದ್ದು, ಅದೇ ದಾರಿಯಲ್ಲಿ ಇನ್ನೂ ಕೆಲವು ಇವೆ. ಪಾತ್ರೆ ಖಾಲಿಯಾದರೆ ಮುಗಿಯಿತು, ಇನ್ನೊಂದು ಗಂಟೆ ಬಿಟ್ಟು ಬಂದವರಿಗೆ ಅದೇ ರುಚಿ ಸಿಗುತ್ತದೆಂಬ ಭರವಸೆ ಇಲ್ಲ. ಮೊದಲ ಪಾತ್ರೆಯ ಅನ್ನದಲ್ಲಿ ಹಬೆ ಇನ್ನೂ ಆಡುತ್ತಿರುವಾಗ, ಮಾಂಸ ಬೆರಳಿಗೇ ಬಿಡಿಸಿಕೊಂಡು ಬರುವಾಗ ತಿಂದವರಿಗೆ ನಗರದ ಮಧ್ಯಾಹ್ನದ ಬಿರಿಯಾನಿ ಬೇರೆಯದೇ ಅಡುಗೆ ಎನಿಸುತ್ತದೆ.

ಆದರೆ ನಿಮ್ಮ ಕುಟುಂಬಕ್ಕೆ ಇದನ್ನು ನಾನು ಸೂಚಿಸಲಾರೆ. ಸಾಲಿನಲ್ಲಿ ಬಹಳ ಹೊತ್ತು ನಿಲ್ಲಬೇಕು, ಆರಾಮವಾಗಿ ಕೂತು ಉಣ್ಣುವ ಏರ್ಪಾಡು ಕಡಿಮೆ, ಎಷ್ಟೋ ಜನ ಕಾರಿನ ಬಾನೆಟ್ಟಿನ ಮೇಲೆ ತಟ್ಟೆಯಿಟ್ಟುಕೊಂಡೇ ತಿನ್ನುತ್ತಾರೆ. ನಿಮ್ಮ ತಾಯಿಯವರಿಗೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. ನೀವೂ ನಿಮ್ಮ ಸ್ನೇಹಿತರೂ ಒಂದು ಶನಿವಾರ ಬೇಗ ಎದ್ದು ಹೋಗಿ, ಮನೆಯವರು ಏಳುವಷ್ಟರಲ್ಲಿ ಹಿಂತಿರುಗಿ. ವಾಹನಗಳ ದಟ್ಟಣೆ ಶುರುವಾಗುವ ಮೊದಲೇ ಹೋಗಿಬರುವುದು ಈ ದಿಕ್ಕಿನಲ್ಲಿ ಬಹಳ ಮುಖ್ಯ. ಎಂಟು ಗಂಟೆಯ ಮೇಲೆ ಕೆ.ಆರ್. ಪುರದ ಸೇತುವೆಯ ಬಳಿ ಕಳೆಯುವ ಹೊತ್ತು ಇಡೀ ಬೆಳಗಿನ ಸಂತೋಷವನ್ನು ಕಿತ್ತುಕೊಳ್ಳುತ್ತದೆ.

ಉತ್ತರ: ಕ್ಯಾತ್ಸಂದ್ರದ ಹಳೆಯ ವಿದ್ಯಾರ್ಥಿ

ತಟ್ಟೆ ಇಡ್ಲಿಯ ಮಾತು ಬಂದಮೇಲೆ ತುಮಕೂರು ದಿಕ್ಕನ್ನು ಬಿಡಲಾಗದು. ಬೆಂಗಳೂರಿನಿಂದ ಹೋಗುವಾಗ ತುಮಕೂರಿಗೆ ಸ್ವಲ್ಪ ಮೊದಲೇ ಸಿಗುವ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯ ಹೋಟೆಲುಗಳಿವೆ, ಪವಿತ್ರ ಹೋಟೆಲು ಅವುಗಳಲ್ಲಿ ಪ್ರಸಿದ್ಧ. ಬಿಡದಿಯದಕ್ಕೂ ಇದಕ್ಕೂ ಯಾವುದು ಮೇಲು ಎಂಬ ವಾದ ಎರಡೂ ಕಡೆಯವರ ನಡುವೆ ಮುಗಿಯುವಂಥದ್ದಲ್ಲ. ನಾನು ಕ್ಯಾತ್ಸಂದ್ರದ ಪಕ್ಷ.

ಅದಕ್ಕಿಂತ ಮುಖ್ಯವಾಗಿ ನಾನು ಹೇಳಬೇಕೆಂದಿರುವುದು ಅಲ್ಲಿಂದ ಕೂಗಳತೆಯಲ್ಲಿರುವ ಸಿದ್ಧಗಂಗಾ ಮಠದ ದಾಸೋಹದ ಬಗ್ಗೆ. ಅದು ಹೋಟೆಲಲ್ಲ, ಹಾಗೆ ನೋಡಲೂಬಾರದು. ಆದರೆ ಊಟಕ್ಕಾಗಿ ಊರು ಬಿಟ್ಟು ಹೋಗುವ ವಿಚಾರ ಮಾತಾಡುವಾಗ ಅದನ್ನು ಹೇಳದಿರಲು ನನ್ನಿಂದಾಗದು. 1907ರಲ್ಲಿ ಜನಿಸಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ದಶಕಗಳ ಕಾಲ ಜಾತಿಮತ ನೋಡದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಮೂರನ್ನೂ ಕೊಟ್ಟ ಜಾಗ ಅದು. ಅಲ್ಲಿಯ ಮುದ್ದೆ, ಸಾರು, ಅನ್ನ, ಮಜ್ಜಿಗೆಗೆ ಯಾವ ಆಡಂಬರವೂ ಇಲ್ಲ. ಅಷ್ಟು ಮಂದಿಗೆ ದಿನವೂ ಹೊತ್ತಿಗೆ ಸರಿಯಾಗಿ ಬಿಸಿ ಅಡುಗೆ ಆಗುವ ಆ ಅಡುಗೆಮನೆಯ ಅಚ್ಚುಕಟ್ಟನ್ನು, ಆ ದೊಡ್ಡ ಒಲೆಗಳನ್ನು ನಿಮ್ಮ ಮಕ್ಕಳು ನೋಡಬೇಕು. ಹೋಗುವುದಾದರೆ ಭಕ್ತಿಯಿಂದ ಹೋಗಿ, ಎಲೆಯಲ್ಲಿ ಏನನ್ನೂ ಬಿಡಬೇಡಿ, ಕೈಲಾದ ಕಾಣಿಕೆ ಸಲ್ಲಿಸಿ ಬನ್ನಿ.

ಆ ಮೇಲೆ ಹೊತ್ತಿದ್ದರೆ ದೇವರಾಯನದುರ್ಗ ಹತ್ತಿರವೇ ಇದೆ, ಬೆಟ್ಟದ ಅರ್ಧದವರೆಗೂ ಕಾರು ಹೋಗುತ್ತದೆ. ಭಾನುವಾರ ಸಂಜೆ ನೆಲಮಂಗಲದಿಂದ ಈಚೆಗೆ ವಾಹನಗಳು ಒತ್ತಾಗುವುದರಿಂದ ನಾಲ್ಕರೊಳಗೆ ಹಿಂತಿರುಗುವುದು ಕ್ಷೇಮ.

ಉತ್ತರ: ಲಿಯಾನ್‌ನಲ್ಲಿರುವ ಕನ್ನಡಿಗ

ನಾನು ಫ್ರಾನ್ಸಿನ ಲಿಯಾನ್ ನಗರದಲ್ಲಿದ್ದೇನೆ, ಊರು ಮಳವಳ್ಳಿ ತಾಲ್ಲೂಕು. ಈ ಪ್ರಶ್ನೆಯ ಹಿಂದೆ ಒಂದು ಹಳೆಯ ಇತಿಹಾಸವಿದೆಯಾದ್ದರಿಂದ ಎರಡು ಮಾತು ಬರೆಯುತ್ತಿದ್ದೇನೆ. ಕಾರಿನ ಟೈರು ಮಾಡುವ ಮಿಶೆಲಿನ್ ಕಂಪನಿ 1900ರಲ್ಲಿ, ಫ್ರಾನ್ಸಿನಲ್ಲಿ ಕಾರುಗಳು ಇನ್ನೂ ವಿರಳವಾಗಿದ್ದಾಗ, ಜನ ಹೆಚ್ಚು ಓಡಾಡಲಿ ಎಂಬ ಉದ್ದೇಶದಿಂದ ಒಂದು ಕೈಪಿಡಿ ಹೊರತಂದಿತು. 1926ರಿಂದ ಒಳ್ಳೆಯ ಹೋಟೆಲುಗಳ ಮುಂದೆ ನಕ್ಷತ್ರದ ಗುರುತು ಹಾಕತೊಡಗಿ, ಕೆಲವು ವರ್ಷಗಳಲ್ಲಿ ಅದನ್ನು ಮೂರು ದರ್ಜೆಗೆ ವಿಸ್ತರಿಸಿತು. ಎರಡು ನಕ್ಷತ್ರವೆಂದರೆ ದಾರಿ ಬಳಸಿಕೊಂಡಾದರೂ ಹೋಗಬಹುದಾದದ್ದು, ಮೂರೆಂದರೆ ಅದಕ್ಕೆಂದೇ ಹೊರಟು ಹೋಗಬಹುದಾದದ್ದು. ನೀವು ಕೇಳಿರುವುದು ಮೂರನೆಯ ದರ್ಜೆಯದು.

1933ರಲ್ಲಿ ಆ ಮೂರು ನಕ್ಷತ್ರಗಳನ್ನು ಏಕಕಾಲಕ್ಕೆ ಎರಡು ಹೋಟೆಲುಗಳಿಗೆ ಪಡೆದವರು ಯುಜೆನಿ ಬ್ರಾಜಿಯೆ ಎಂಬ ಮಹಿಳೆ. ಒಂದು ಹೋಟೆಲು ಲಿಯಾನ್ ನಗರದೊಳಗೆ, ಇನ್ನೊಂದು ನಗರದಾಚೆಯ ಕೋಲ್ ದ ಲಾ ಲುಯೆರ್ ಎಂಬ ಬೆಟ್ಟದ ದಾರಿಯಲ್ಲಿ. ರೈತ ಕುಟುಂಬದಲ್ಲಿ ಹುಟ್ಟಿ ಬಡತನದಲ್ಲಿ ಬೆಳೆದ ಆಕೆ, ವಿದ್ಯುತ್ತು ಅನಿಲಗಳಿಲ್ಲದ ಆ ಬೆಟ್ಟದ ಮನೆಯಲ್ಲಿ ಮಾಡಿದ ಅಡುಗೆಗಾಗಿ ನಗರದವರು ಕಾರು ಹತ್ತಿ ಹೋಗುತ್ತಿದ್ದರು. ಆಕೆಯ ಹೆಸರಾಂತ ಅಡುಗೆ ಬ್ರೆಸ್ ಕೋಳಿಯದು. ಬ್ರೆಸ್ ಎಂಬುದು ಆಕೆ ಹುಟ್ಟಿದ ಸೀಮೆ, ಕೋಳಿ ಆ ಸೀಮೆಯ ತಳಿ. ಮುಂದೆ ಜಗತ್ಪ್ರಸಿದ್ಧರಾದ ಪೌಲ್ ಬೊಕ್ಯೂಸ್ ಯುವಕರಾಗಿದ್ದಾಗ ಕೆಲಸ ಕಲಿತದ್ದು ಇದೇ ಬೆಟ್ಟದ ಅಡುಗೆಮನೆಯಲ್ಲಿ.

ಇದನ್ನು ಹೇಳಿದ್ದು ನಮ್ಮ ಸೀಮೆಯ ವಿಚಾರಕ್ಕಾಗಿ. ನಮ್ಮ ತಾಲ್ಲೂಕಿನ ಬಂಡೂರಿನ ಹೆಸರಿನಲ್ಲೇ ಒಂದು ಕುರಿಯ ತಳಿ ಇದೆ: ಗಿಡ್ಡ ಕಾಲು, ದುಂಡನೆಯ ಮೈ, ಮಾಂಸದ ರುಚಿಗಾಗಿ ನಾಡಿನಲ್ಲೆಲ್ಲ ಹೆಸರು. ಮಂಡ್ಯ, ಮಳವಳ್ಳಿ, ಬನ್ನೂರಿನ ಕಡೆಯ ಸಣ್ಣ ಮಿಲಿಟರಿ ಹೋಟೆಲುಗಳಲ್ಲಿ ರಾಗಿಮುದ್ದೆ, ಮಟನ್ ಸಾರು, ನಾಟಿಕೋಳಿ ಸಾರು, ತಲೆಮಾಂಸ, ಬೋಟಿ ಗೊಜ್ಜು ಎಲ್ಲವೂ ಸಿಗುತ್ತವೆ. ಶುದ್ಧ ತಳಿಯ ಕುರಿಗಳು ಈಗ ಬಹಳ ಕಡಿಮೆಯಾಗಿರುವುದರಿಂದ ಬೋರ್ಡಿನ ಮೇಲೆ ಬಂಡೂರು ಕುರಿ ಎಂದು ಬರೆದದ್ದನ್ನೆಲ್ಲ ನಂಬಬೇಕಾಗಿಲ್ಲ. ಆದರೂ ಹತ್ತಿರದ ಹೊಲದ ರಾಗಿ, ಅಂದೇ ರುಬ್ಬಿದ ಮಸಾಲೆ, ಅಂದೇ ಕಡಿದ ಮಾಂಸ ಈ ಮೂರು ಒಂದೆಡೆ ಕೂಡುವುದು ಅಲ್ಲಿಯೇ. ಅಡುಗೆಯನ್ನು ತರಿಸಲಾಗದು ಎಂಬುದಷ್ಟೇ ಅಳತೆಯಾದರೆ ಸಾಲದು ಎಂದು ನನಗನಿಸುತ್ತದೆ. ಆ ಅಡುಗೆ ಆ ನೆಲದಲ್ಲಿ ಬೆಳೆದದ್ದರಿಂದ ಆಗಿರಬೇಕು.

ಹೀಗೆ ಯೋಚಿಸಿದರೆ ಕಾಲವೂ ಮುಖ್ಯವಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮಾಗಡಿ ಕಡೆಗೆ ಹೋದರೆ ಸೊಗಡಿನ ಅವರೆಕಾಯಿಯ ಕಾಲ. ಇಬ್ಬನಿಯಲ್ಲಿ ಬಲಿತ ಕಾಯಿಯ ಆ ವಾಸನೆ ಸುಲಿಯುವವರ ಕೈಗೆಲ್ಲ ಅಂಟಿರುತ್ತದೆ. ಆ ದಿನಗಳಲ್ಲಿ ದಾರಿಯ ಚಿಕ್ಕ ಹೋಟೆಲಿನಲ್ಲೂ ಅವರೆಕಾಳು ಉಪ್ಪಿಟ್ಟು, ಹಿತಕಿದ ಬೇಳೆ ಸಾರು, ಮುದ್ದೆ ಸಿಗುವ ಸಂಭವವಿದೆ. ಬೇರೆ ತಿಂಗಳುಗಳಲ್ಲಿ ಅದೇ ಹೋಟೆಲಿಗೆ ಹೋಗಲು ವಿಶೇಷ ಕಾರಣವಿಲ್ಲದಿರಬಹುದು. ನಿಮ್ಮ ತಾಯಿಯವರಿಗೂ ಉಳಿದವರಿಗೂ ಒಟ್ಟಿಗೆ ಒಪ್ಪುವ ಊಟ ಅದು. ದೂರದೇಶದಲ್ಲಿದ್ದು ಜನವರಿ ಬಂದಾಗಲೆಲ್ಲ ನನಗೆ ಬಹಳ ನೆನಪಾಗುವುದೂ ಅದೇ.

ಉತ್ತರ: ಪಾಂಡವಪುರ ಕಡೆಯವರು

ಇಲ್ಲಿಯವರೆಗಿನ ಎರಡೂ ಅಳತೆಗಳನ್ನು ಗೌರವಿಸುತ್ತಲೇ, ಅವೆರಡಕ್ಕೂ ಪೂರ್ತಿ ಸಿಗದ ಒಂದು ಊಟವನ್ನು ಹೇಳುತ್ತೇನೆ. ಅದು ಮೇಲುಕೋಟೆಯ ಪುಳಿಯೋಗರೆ. ಹುಣಸೆಹಣ್ಣು, ಬೆಲ್ಲ, ಎಳ್ಳು, ಕೊಬ್ಬರಿ, ಮೆಂತ್ಯ, ಮೆಣಸು ಇವುಗಳ ಗೊಜ್ಜನ್ನು ಎಳ್ಳೆಣ್ಣೆಯಲ್ಲಿ ಹದವಾಗಿ ಕುದಿಸಿ ಇಟ್ಟುಕೊಂಡು ಅನ್ನಕ್ಕೆ ಕಲಸುತ್ತಾರೆ. ಕಲಸಿದ ಕೂಡಲೇ ತಿನ್ನುವುದಕ್ಕಿಂತ ಕೆಲವು ಗಂಟೆ ಬಿಟ್ಟು ತಿಂದರೆ ರುಚಿ ಹೆಚ್ಚು, ಪ್ರಯಾಣಕ್ಕೆ ಕಟ್ಟಿಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಬುತ್ತಿ ಇಲ್ಲ. ಗೊಜ್ಜನ್ನು ಕೊಂಡು ಬೆಂಗಳೂರಿಗೆ ತರಲೂಬಹುದು, ಆ ಹುಣಸೆ ಕೊಬ್ಬರಿಗಳು ಆ ಬೆಟ್ಟದಲ್ಲೇ ಬೆಳೆದವೆಂದೂ ಹೇಳಲಾಗದು. ಹಾಗಿದ್ದರೂ ಅದಕ್ಕಾಗಿ ಹೋಗಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಏಕೆಂದರೆ ಅದು ಒಂದು ಊರಿನ ನಡವಳಿಕೆಯ ಭಾಗವಾದ ಅಡುಗೆ. ಹನ್ನೆರಡನೆಯ ಶತಮಾನದಲ್ಲಿ ರಾಮಾನುಜಾಚಾರ್ಯರು ನೆಲೆಸಿದ್ದ ಊರು ಮೇಲುಕೋಟೆ. ಚೆಲುವನಾರಾಯಣಸ್ವಾಮಿಯ ದೇವಸ್ಥಾನ, ಬೆಟ್ಟದ ಮೇಲಿನ ಯೋಗಾನರಸಿಂಹ, ಕಲ್ಯಾಣಿ, ವೈರಮುಡಿ ಉತ್ಸವ, ಸಂಸ್ಕೃತ ಪಾಠಶಾಲೆ, ಹಳೆಯ ಅಯ್ಯಂಗಾರ್ ಮನೆಗಳ ಬೀದಿಗಳು, ಇವೆಲ್ಲದರ ನಡುವೆ ಪುಳಿಯೋಗರೆ ಮತ್ತು ಸಕ್ಕರೆಪೊಂಗಲು ದೇವರ ನೈವೇದ್ಯದಿಂದ ಜನರ ಎಲೆಗೆ ಬಂದವು. ಸುಬ್ಬಣ್ಣ ಮೆಸ್ ಮೊದಲಾದ ಚಿಕ್ಕ ಮೆಸ್ಸುಗಳಲ್ಲಿ ಕೂತು, ಹುಳಿ ಖಾರದ ಪುಳಿಯೋಗರೆಯ ಬೆನ್ನಿಗೆ ತುಪ್ಪದ ಸಕ್ಕರೆಪೊಂಗಲನ್ನೂ ಕೊನೆಗೆ ಮೊಸರನ್ನವನ್ನೂ ಉಂಡಾಗ, ಈ ಮೂರನ್ನು ಈ ಕ್ರಮದಲ್ಲಿ ಯಾಕೆ ಬಡಿಸುತ್ತಾರೆಂಬುದು ನಾಲಗೆಗೇ ತಿಳಿಯುತ್ತದೆ. ಬೆಂಗಳೂರಿನ ಅಡುಗೆಮನೆಯಲ್ಲಿ ಅದೇ ಗೊಜ್ಜಿನಿಂದ ಕಲಸಿದ ಅನ್ನಕ್ಕೆ ಆ ಸಂದರ್ಭವಿಲ್ಲ.

ಬೆಂಗಳೂರಿನಿಂದ ಮಂಡ್ಯದವರೆಗೆ ಬಂದು, ಅಲ್ಲಿಂದ ಉತ್ತರಕ್ಕೆ ತಿರುಗಿ ಬೆಟ್ಟ ಹತ್ತಬೇಕು. ನಿಮ್ಮ ಎರಡೂವರೆ ಮೂರು ಗಂಟೆಯ ಮಿತಿಗೆ ಇದು ಕೊನೆಯ ಅಂಚು. ನಿಮ್ಮ ತಂದೆಯವರು ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ಹತ್ತುವ ಯೋಚನೆ ಬೇಡ. ಊರೊಳಗಿನ ಚೆಲುವನಾರಾಯಣನ ದರ್ಶನ ಸಾಕು. ಮೆಸ್ಸುಗಳು ಚಿಕ್ಕವಾದ್ದರಿಂದ ಹನ್ನೆರಡೂವರೆಯ ಒಳಗೆ ಕೂರುವುದು ಒಳ್ಳೆಯದು. ವೈರಮುಡಿಯ ದಿನಗಳಲ್ಲಿ, ಅಂದರೆ ಮಾರ್ಚ್–ಏಪ್ರಿಲ್ ಹೊತ್ತಿಗೆ, ಊಟಕ್ಕೆಂದು ಬರಬೇಡಿ. ಆಗ ಊರಿಗೆ ಬರುವ ಜನಸಾಗರದಲ್ಲಿ ವೃದ್ಧರನ್ನು ಕರೆದುಕೊಂಡು ಓಡಾಡುವುದು ಕಷ್ಟ.

ಬನಶಂಕರಿ ನಿವಾಸಿ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಮನೆಯಲ್ಲಿ ಎಲ್ಲ ಉತ್ತರಗಳನ್ನೂ ಗಟ್ಟಿಯಾಗಿ ಓದಿದೆ. ಮೇಲುಕೋಟೆಯ ಹೆಸರು ಬಂದ ಕೂಡಲೇ ತಾಯಿಯವರು ಬೇರೆ ಯಾವುದನ್ನೂ ಕೇಳಲು ಸಿದ್ಧರಿರಲಿಲ್ಲ. ತಂದೆಯವರ ಆಯ್ಕೆ ಅವರೆಕಾಯಿ. ಆದ್ದರಿಂದ ಈ ತಿಂಗಳು ಮೇಲುಕೋಟೆ, ಚಳಿ ಶುರುವಾದ ಮೇಲೆ ಮಾಗಡಿ ಎಂದು ತೀರ್ಮಾನಿಸಿದ್ದೇವೆ. ಬೆಳಿಗ್ಗೆ ಆರೂವರೆಗೆ ಹೊರಟು, ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಅಲ್ಲಿಂದ ವೇಗದ ಪಥ ಹತ್ತಿ ಮಂಡ್ಯಕ್ಕೆ ಹೋಗುವ ಯೋಚನೆ ಇದೆ. ಬಿಡದಿಯಿಂದ ಮಂಡ್ಯದವರೆಗೆ ಹಳೆಯ ರಸ್ತೆಯಲ್ಲೇ ಹೋದರೆ ತಂದೆಯವರಿಗೆ ಆಯಾಸವಾಗಬಹುದೇ? ಮತ್ತು ಬಿಡದಿಯಲ್ಲಿ ತಿಂದಮೇಲೆ ಮೇಲುಕೋಟೆಯ ಊಟಕ್ಕೆ ಹಸಿವು ಉಳಿದಿರುತ್ತದೆಯೇ?

ಮದ್ದೂರು ಸೀಮೆಯವರು

ಈ ಸಲ ವೇಗದ ಪಥವೇ ಸರಿ. ಹಳೆಯ ರಸ್ತೆಯಲ್ಲಿ ಊರಿಂದೂರಿಗೆ ಉಬ್ಬುಗಳು, ಸಿಗ್ನಲ್ಲುಗಳು ಇದ್ದೇ ಇವೆ, ಮಂಡಿನೋವಿದ್ದವರಿಗೆ ಕಾಲು ಮಡಿಸಿ ಕೂರುವ ಹೊತ್ತು ಕಡಿಮೆಯಾದಷ್ಟೂ ಒಳ್ಳೆಯದು. ಬಿಡದಿಯಲ್ಲಿ ತಿಂಡಿ ಮುಗಿಸಿ ಮತ್ತೆ ವೇಗದ ಪಥ ಹತ್ತುವ ಜಾಗವನ್ನು ಹೋಟೆಲಿನವರನ್ನೇ ಕೇಳಿಕೊಳ್ಳಿ. ಅವರು ದಿನವೂ ಹತ್ತಾರು ಮಂದಿಗೆ ದಾರಿ ಹೇಳುತ್ತಿರುತ್ತಾರೆ. ಮಂಡ್ಯಕ್ಕೆ ಇಳಿಯುವ ತಿರುವಿನ ಫಲಕವನ್ನು ಮೊದಲೇ ಗಮನಿಸಿ ಎಡಕ್ಕೆ ಬನ್ನಿ, ತಪ್ಪಿದರೆ ಬಹಳ ದೂರ ಮುಂದೆ ಹೋಗಬೇಕಾಗುತ್ತದೆ.

ಹಸಿವಿನ ವಿಚಾರಕ್ಕೆ, ತಟ್ಟೆ ಇಡ್ಲಿ ಒಬ್ಬರಿಗೆ ಒಂದೇ ಸಾಕು, ವಡೆ ಬೇಡ. ಹಬೆಯಲ್ಲಿ ಬೆಂದದ್ದಾದ್ದರಿಂದ ಹನ್ನೆರಡರ ಹೊತ್ತಿಗೆ ಹಸಿವಾಗುತ್ತದೆ. ಹಿಂತಿರುಗುವಾಗ ಮಾತ್ರ ಆತುರವಿಲ್ಲದಿದ್ದರೆ ಮಂಡ್ಯದಿಂದ ಮದ್ದೂರಿನವರೆಗೆ ಹಳೆಯ ರಸ್ತೆ ಹಿಡಿಯಿರಿ, ನಾಲ್ಕು ಗಂಟೆಯ ಕಾಫಿಗೆ ಬಿಸಿ ವಡೆ ಸಿಗುತ್ತದೆ. ತಾಯಿಯವರಿಗೆ ಈರುಳ್ಳಿ ನಡೆಯುವುದೇ ಎಂದು ಮಾತ್ರ ಮೊದಲೇ ಕೇಳಿಕೊಳ್ಳಿ, ಮೇಲುಕೋಟೆಯ ದರ್ಶನದ ದಿನ ನಮ್ಮ ಕಡೆಯ ಹಿರಿಯರು ಈರುಳ್ಳಿ ಮುಟ್ಟುವುದಿಲ್ಲ.